ಬೇಲಿ ದಾಟದ ನಾಯಿಗೂ ಲಸಿಕೆ ಬೇಕೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಐದು ವರ್ಷದ ನಾಡು ನಾಯಿಯೊಂದಿದೆ. ಮೊದಲ ಎರಡು ವರ್ಷ ಎಲ್ಲ ಚುಚ್ಚುಮದ್ದು ಹಾಕಿಸಿದ್ದೆವು, ಆಮೇಲೆ ಬಿಟ್ಟೇಹೋಯಿತು. ಅವಳು ಬೇಲಿ ದಾಟುವುದಿಲ್ಲ, ಕಾಯಿಲೆಯೆಂದು ಒಂದು ದಿನ ಮಲಗಿದವಳೂ ಅಲ್ಲ. ನಾಡು ನಾಯಿಗೆ ರೋಗ ತಗಲುವುದಿಲ್ಲ ಎಂದು ಮಾವನವರು ಹೇಳುತ್ತಾರೆ. ಪ್ರತಿ ವರ್ಷ ಹಾಕಿಸಲೇಬೇಕೇ? ಈಗ ಮೊದಲಿನಿಂದ ಶುರು ಮಾಡಬೇಕೇ?

ಪಶುವೈದ್ಯರ ಉತ್ತರ: ಅವಳು ಬೇಲಿ ದಾಟುವುದಿಲ್ಲ, ಸರಿ. ಇಲಿ ದಾಟುತ್ತದಲ್ಲ?

ತೋಟದ ಮನೆಯವರು ಮೊದಲು ಯೋಚಿಸಬೇಕಾದದ್ದು ಇಲಿ ಜ್ವರದ ಬಗ್ಗೆ. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಬೀಡುಬಿಟ್ಟು ಮೂತ್ರದೊಂದಿಗೆ ಹೊರಬೀಳುತ್ತದೆ. ಇಲಿಗೆ ಅದರಿಂದ ಅಂಥ ತೊಂದರೆಯೇನೂ ಇಲ್ಲ. ಮಳೆಗಾಲದಲ್ಲಿ ಅದು ಬಸಿಗಾಲುವೆಯ ನೀರಿಗೆ ಸೇರುತ್ತದೆ. ಬಟ್ಟಲಿನಲ್ಲಿ ಶುದ್ಧ ನೀರಿಟ್ಟರೂ ನಾಯಿ ಹೋಗಿ ನೆಕ್ಕುವುದು ಆ ಕೆಸರು ನೀರನ್ನೇ. ರೋಗ ತಗಲಿದರೆ ಮೂತ್ರಪಿಂಡ, ಯಕೃತ್ತು ಎರಡೂ ಹಾಳಾಗಬಹುದು. ಚೇತರಿಸಿಕೊಂಡ ನಾಯಿ ಕೂಡ ಕೆಲವು ಕಾಲ ಮೂತ್ರದಲ್ಲಿ ರೋಗಾಣು ಚೆಲ್ಲುತ್ತಿರಬಹುದು. ಅದೇ ಅಂಗಳವನ್ನು ನೀವು ಗುಡಿಸುತ್ತೀರಿ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ಈ ಲಸಿಕೆಯ ಬಲ ಸುಮಾರು ಒಂದು ವರ್ಷವಷ್ಟೇ. ಮೂರು ವರ್ಷ ತಪ್ಪಿರುವುದರಿಂದ ಇದೊಂದನ್ನು ಮಾತ್ರ ಮೊದಲಿನಿಂದಲೇ ಶುರು ಮಾಡಬೇಕು. ಮೂರು-ನಾಲ್ಕು ವಾರದ ಅಂತರದಲ್ಲಿ ಎರಡು ಸಲ, ಮಳೆ ಹಿಡಿಯುವ ಮುಂಚೆ ಮುಗಿಯುವಂತೆ ಹಾಕಿಸಿ. ಆಮೇಲೆ ವರ್ಷಕ್ಕೊಂದು.

ರೇಬಿಸ್ ಲಸಿಕೆಯನ್ನು ಈಗ ಒಮ್ಮೆ ಹಾಕಿಸಿ, ನಂತರ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ರಾತ್ರಿ ಅಂಗಳಕ್ಕೆ ನುಗ್ಗುವ ಬೀದಿ ನಾಯಿಯೋ ಮುಂಗುಸಿಯೋ ಕಚ್ಚಿದ್ದು ನಿಮಗೆ ತಿಳಿಯುವುದೇ ಇಲ್ಲ. ಲಕ್ಷಣ ಕಾಣುವುದಕ್ಕೆ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರುತ್ತದೆ, ಲಕ್ಷಣ ಕಂಡ ಮೇಲೆ ಚಿಕಿತ್ಸೆಯಿಲ್ಲ. ಲಸಿಕೆ ಹಾಕಿಸಿದ ನಾಯಿಯನ್ನೇ ಬೇರೆ ಪ್ರಾಣಿ ಕಚ್ಚಿದರೂ ಮತ್ತೆ ಬೂಸ್ಟರ್ ಬೇಕಾಗುತ್ತದೆ.

ಪಾರ್ವೊ (ರಕ್ತಭೇದಿ ತರುವ ವೈರಸ್ ರೋಗ), ಡಿಸ್ಟೆಂಪರ್ (ಉಸಿರಾಟ, ನರಗಳನ್ನು ಕಾಡುವ ವೈರಸ್ ರೋಗ) ಲಸಿಕೆಗಳ ಕಥೆ ಬೇರೆ. ಮರಿಯಲ್ಲಿ ಕ್ರಮವಾಗಿ ಹಾಕಿಸಿ, ವರ್ಷ ತುಂಬಿದಾಗ ಬೂಸ್ಟರ್ ಆಗಿದ್ದರೆ ಮೂರು ವರ್ಷಕ್ಕೊಮ್ಮೆ ಸಾಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಸಾಮಾನ್ಯವಾಗಿ ಇವು ಇಲಿ ಜ್ವರದ ಲಸಿಕೆಯ ಜೊತೆ ಒಂದೇ ಚುಚ್ಚುಮದ್ದಿನಲ್ಲಿ ಸಿಗುವುದರಿಂದ ನಮ್ಮಲ್ಲಿ ಪ್ರತಿ ವರ್ಷ ಹಾಕುವ ರೂಢಿಯಿದೆ. ಅದು ಅಗತ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳಿ, ಸಂಕೋಚ ಬೇಡ. ನಿಮಗೆ ಈಗ ಮೂರು ವರ್ಷ ಆಗಿಯೇ ಹೋಗಿದೆ, ಹಾಗಾಗಿ ಈ ಸಲ ಹಾಕಿಸುವುದೇ ಸರಿ.

ಇನ್ನು ಮಾವನವರ ಮಾತು. ನಾಡು ನಾಯಿ ಗಟ್ಟಿಯೆಂದು ನಮಗೆ ಕಾಣುವುದು, ಬದುಕಿ ದೊಡ್ಡದಾದವುಗಳನ್ನಷ್ಟೇ ನಾವು ನೋಡಿರುವುದರಿಂದ. ಬೀದಿ ಬದಿಯಲ್ಲಿ ಪಾರ್ವೊ ಬಂದು ರಕ್ತಭೇದಿಯಿಂದ ಸತ್ತ ಮರಿಗಳ ಲೆಕ್ಕ ಇಟ್ಟವರಿಲ್ಲ.

ಒಂದು ದಿನವೂ ಮಲಗಿಲ್ಲ ಎಂದಿರಿ. ನಾಯಿ ನೋವನ್ನು ಮುಚ್ಚಿಡುವುದರಲ್ಲಿ ಬಹಳ ಜಾಣ. ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಎರ್ಲಿಕಿಯಾ ಸೋಂಕು ಒಳಗಿದ್ದರೂ ತಿಂಗಳುಗಟ್ಟಲೆ ಉಂಡು, ಬೊಗಳಿಕೊಂಡು ಇರಬಲ್ಲದು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕುಸಿದಿರುವುದು ಕಂಡಾಗಲೇ ಗೊತ್ತಾಗುವುದು. ಸಂತಾನಹರಣ ಆಗಿಲ್ಲದಿದ್ದರೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವೂ ಇದೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ಅವಳು ವಿಪರೀತ ನೀರು ಕುಡಿಯತೊಡಗಿದರೆ ಕಾಯಬೇಡಿ. ಆದ್ದರಿಂದ ಸೂಜಿ ಚುಚ್ಚಿಸಿಕೊಂಡು ಗಡಿಬಿಡಿಯಲ್ಲಿ ಹಿಂದಿರುಗಬೇಡಿ. ತೂಕ, ವಸಡು, ಹೊಟ್ಟೆ, ಕಿವಿ ನೋಡಿಸಿ. ಜ್ವರವಿದ್ದರೆ ಲಸಿಕೆಯನ್ನೇ ಮುಂದೂಡಬೇಕಾಗುತ್ತದೆ.

ಹೊರಡುವ ಮೊದಲು ಫೋನ್ ಮಾಡಿ, ಇಲಿ ಜ್ವರದ ಲಸಿಕೆ ಇದೆಯೇ ಎಂದು ಕೇಳಿಕೊಳ್ಳಿ. ಹಳೆಯ ಕಾರ್ಡ್ ಒಯ್ಯಿರಿ. ಲಸಿಕೆಯ ನಂತರ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಇರಿ. ಮುಖ ಊದಿದರೆ ಅಥವಾ ವಾಂತಿ ಶುರುವಾದರೆ ವೈದ್ಯರು ಹತ್ತಿರದಲ್ಲೇ ಇರುತ್ತಾರೆ.