ಸಭೆಯಲ್ಲಿ ಒಬ್ಬಳೇ ಮಾತಾಡಿದ ಗದಗಿನ ತಂಗಿಗೆ

ತಂಗಿ, ಗದಗ-ಬೆಟಗೇರಿಯಿಂದ ಜರ್ಮನಿಗೆ ಬಂದು ಐದು ತಿಂಗಳಾಯಿತು, ಹುಬ್ಬಳ್ಳಿಯಲ್ಲಿ ಕಲಿತ ನರ್ಸಿಂಗಿಗೆ ಇಲ್ಲಿಯ ಮಾನ್ಯತೆ ಇನ್ನೂ ಬಂದಿಲ್ಲ ಅಂತ ಬರೆದಿದ್ದಿ. ರಾತ್ರಿ ಪಾಳಿಯಲ್ಲಿ ಬ್ರೇಕ್ ಸಿಗುವುದಿಲ್ಲ, ಪಾಳಿ ಮುಗಿದ ಮೇಲೆ ನಿಂತು ಮಾಡಿದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ ಅಂತ ವಾರ್ಡಿನ ಸಭೆಯಲ್ಲಿ ಹೇಳಿದಿ. ಚಹಾ ಕುಡಿಯುವಾಗ ದಿನಾ ಇದನ್ನೇ ಗೊಣಗುವ ಆರು ಮಂದಿ ಆವತ್ತು ಟೇಬಲ್ ನೋಡುತ್ತ ಕೂತರು. ನಾನು ತಪ್ಪು ಮಾಡಿದೆನಾ, ನನ್ನನ್ನು ವಾಪಸ್ ಕಳಿಸುತ್ತಾರಾ ಅಂತ ಕೇಳಿದ್ದಿ.

ತಪ್ಪು ಮಾಡಿಲ್ಲ. ಹೇಳಿದ ಜಾಗ ಮಾತ್ರ ಸರಿಯಾಗಲಿಲ್ಲ. ನಮ್ಮ ಕಡೆ ದೂರು ಅಂದರೆ ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಹೋಗಬೇಕು, ಒಬ್ಬರೇ ಹೋದರೆ "ಎಲ್ಲರಿಗೂ ಇಲ್ಲದ ತ್ರಾಸು ಇವಳಿಗೇನು" ಅನ್ನುತ್ತಾರೆ. ಇಲ್ಲಿ ಸಭೆಯಲ್ಲಿ ಆಡಿದ ಹತ್ತು ಮಾತಿಗಿಂತ ಒಂದು ಪುಟದ ಕಾಗದಕ್ಕೆ ತೂಕ ಹೆಚ್ಚು. ಆ ಕಾಗದಕ್ಕೆ ನಿನ್ನ ಒಬ್ಬಳ ಸಹಿ ಸಾಕು. ಯಾರೂ ಜೊತೆಗೆ ನಿಲ್ಲಲಿಲ್ಲ ಅಂತ ಕೈಚೆಲ್ಲಿ ಕೂಡಬೇಡ.

ಆ ಆರು ಮಂದಿಯ ಮೇಲೆ ಸಿಟ್ಟೂ ಬೇಡ. ಮಾನ್ಯತೆಗೆ ಕಾಯುತ್ತಿರುವ ಕೇರಳದ, ಫಿಲಿಪ್ಪೀನ್ಸಿನ ಹುಡುಗಿಯರಿಗೆ ನಿನ್ನದೇ ಅಂಜಿಕೆ. ಇಲ್ಲಿಯ ಹಿರಿಯ ನರ್ಸುಗಳ ಮೌನಕ್ಕೆ ಕಾರಣ ಬೇರೆ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಸಭೆಯ ನಡುವೆ ತಟ್ಟನೆ ಬಂದರೆ ಅವರು ಬಾಯಿ ಬಿಡುವುದಿಲ್ಲ. ವಾರ್ಡಿನ ಮುಖ್ಯಸ್ಥೆಯನ್ನು ಎಲ್ಲರ ಎದುರಿಗೆ ಮೂಲೆಗೆ ತಳ್ಳಿದಂತೆ ಕಂಡರಂತೂ ಇಲ್ಲವೇ ಇಲ್ಲ. ಮೇಲಾಗಿ ನೀನು "ನಮಗೆಲ್ಲರಿಗೂ" ಅಂದಿ. ಆ ಮಾತು ಬಂದ ಕೂಡಲೇ ಪ್ರತಿಯೊಬ್ಬರೂ ತಲೆ ಆಡಿಸಬೇಕೋ ಬೇಡವೋ ಅಂತ ಅಲ್ಲೇ ತೀರ್ಮಾನಿಸಬೇಕಾಗುತ್ತದೆ. ಮುಂದಿನ ಸಲ ಎರಡು ದಿನ ಮೊದಲೇ ಮುಖ್ಯಸ್ಥೆಗೆ ಹೇಳಿ ವಿಷಯವನ್ನು ಕಾರ್ಯಸೂಚಿಗೆ ಸೇರಿಸು, "ನನಗೆ" ಅಂತ ಶುರು ಮಾಡು, ನಿನ್ನ ಪಾಳಿಯ ತಾರೀಖು ಹೇಳು, ಸಭೆಯ ನಡಾವಳಿಯಲ್ಲಿ ಬರೆಯಿರಿ ಅಂತ ಕೇಳು. ಸಹೋದ್ಯೋಗಿಯ ಹತ್ತಿರ ಬೆಂಬಲ ಕೇಳಬೇಡ, ನೆನಪು ಕೇಳು: "14ನೇ ತಾರೀಖು ರಾತ್ರಿ ನಾವಿಬ್ಬರೇ ಇದ್ದೆವು, ಹೌದಲ್ಲ?" ಇಷ್ಟಕ್ಕೆ ಹೂಂ ಅನ್ನುವವರು ಸಿಗುತ್ತಾರೆ. ಹೂಂ ಅಂದರೂ ಕೇಳದೆ ಅವರ ಹೆಸರನ್ನು ಕಾಗದದಲ್ಲಿ ಹಾಕಬೇಡ. ಒಮ್ಮೆ ಹಾಗೆ ಮಾಡಿದರೆ ಇಡೀ ವಾರ್ಡು ನಿನ್ನ ಹತ್ತಿರ ಮಾತಾಡುವುದನ್ನೇ ಬಿಡುತ್ತದೆ.

ಈಗ ಬ್ರೇಕಿನ ಲೆಕ್ಕ. ಕೆಲಸದ ವೇಳೆಯ ಕಾನೂನಿನ ಪ್ರಕಾರ ಆರು ತಾಸಿಗಿಂತ ಹೆಚ್ಚು ಕೆಲಸವಿದ್ದರೆ 30 ನಿಮಿಷ, ಒಂಬತ್ತು ತಾಸು ದಾಟಿದರೆ 45 ನಿಮಿಷ ಬ್ರೇಕ್ ಕೊಡಲೇಬೇಕು. ಅದನ್ನು ತುಂಡು ಮಾಡಬಹುದು, ಆದರೆ ಒಂದು ತುಂಡು 15 ನಿಮಿಷಕ್ಕಿಂತ ಕಡಿಮೆ ಇರಬಾರದು. ನಿನ್ನ ಪಾಳಿ 21:00ರಿಂದ 06:30. ಅರ್ಧ ತಾಸು ಬ್ರೇಕ್ ತೆಗೆದರೆ ಕೆಲಸ ಸರಿಯಾಗಿ ಒಂಬತ್ತು ತಾಸು, ಕಾನೂನಿನ ಒಳಗೇ ಇದೆ. ಬ್ರೇಕ್ ಸಿಗದಿದ್ದರೆ ಅದು ಒಂಬತ್ತೂವರೆ ತಾಸಿನ ಕೆಲಸ. ಆದರೂ ಪಟ್ಟಿಯಲ್ಲಿ ಅರ್ಧ ತಾಸು ತಾನಾಗಿಯೇ ಕಡಿತವಾಗುತ್ತದೆ. ನೀನು ಕಳೆದುಕೊಳ್ಳುತ್ತಿರುವುದು ಅಲ್ಲೇ. ಕರೆಗಂಟೆಯ ಫೋನು ಜೇಬಿನಲ್ಲಿಟ್ಟುಕೊಂಡು ನಿಂತಲ್ಲೇ ತಿಂದ ಎರಡು ತುತ್ತು ಬ್ರೇಕ್ ಅಲ್ಲ. ಆ ಹೊತ್ತಿನಲ್ಲಿ ಕೆಲಸಕ್ಕೆ ಸಿದ್ಧಳಿರಬೇಕು ಅಂತಿದ್ದರೆ ಅದು ಕೆಲಸದ ವೇಳೆಯೇ. ಎರಡು ಪಾಳಿಗಳ ನಡುವೆ 11 ತಾಸು ವಿಶ್ರಾಂತಿ ಇರಬೇಕು, ಆಸ್ಪತ್ರೆಗಳು ಅದನ್ನು 10ಕ್ಕೆ ಇಳಿಸಬಹುದು, ಆದರೆ ಆ ಒಂದು ತಾಸನ್ನು ಇನ್ನೊಂದು ದಿನ ತಿರುಗಿ ಕೊಡಬೇಕು. ಕೆಲಸದ ವೇಳೆಯನ್ನು ದಾಖಲಿಸುವುದು ಮಾಲೀಕರ ಹೊಣೆ ಅಂತ ಇಲ್ಲಿಯ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರ್ 13ರಂದು ಹೇಳಿದೆ. ಆದರೂ ನಿನ್ನದೊಂದು ಸಣ್ಣ ನೋಟ್‌ಬುಕ್ ಇರಲಿ. ಬಂದ ಹೊತ್ತು, ಹೋದ ಹೊತ್ತು, ಬ್ರೇಕ್ ಎಷ್ಟು, ಯಾಕೆ ಸಿಗಲಿಲ್ಲ, ಉಳಿಯಲು ಯಾರು ಹೇಳಿದರು, ಇಷ್ಟನ್ನು ಮನೆಗೆ ಬಂದ ಕೂಡಲೇ ಪೆನ್ನಿನಲ್ಲಿ ಬರೆ. ವಾರಕ್ಕೊಮ್ಮೆ ಕೂತು ನೆನಪಿನಿಂದ ತುಂಬಿದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ದುಡ್ಡಿನ ವಿಷಯ ಒಂದು, ಅಪಾಯದ ವಿಷಯ ಇನ್ನೊಂದು. ಎರಡನ್ನೂ ಒಂದೇ ಕಾಗದದಲ್ಲಿ ಕಲಸಬೇಡ. ಅಪಾಯಕ್ಕೆ ಇಲ್ಲಿ ಪ್ರತ್ಯೇಕ ಕಾಗದವಿದೆ, ಹೆಸರು ಗೆಫೇರ್ಡುಂಗ್ಸ್‌ಆನ್‌ತ್ಸೈಗೆ, ಅಂದರೆ ಅಪಾಯದ ಸೂಚನೆ. ಊಬರ್‌ಲಾಸ್ಟುಂಗ್ಸ್‌ಆನ್‌ತ್ಸೈಗೆ ಅಂತಲೂ ಅನ್ನುತ್ತಾರೆ. ಬಹಳಷ್ಟು ಆಸ್ಪತ್ರೆಗಳಲ್ಲಿ ಅದರ ಫಾರ್ಮ್ ಇರುತ್ತದೆ, ಇಲ್ಲದಿದ್ದರೆ ಬಿಳಿ ಹಾಳೆಯೂ ನಡೆಯುತ್ತದೆ. ಕಣ್ಣಿಗೆ ಕಂಡ ಗಂಭೀರ ಅಪಾಯವನ್ನು ತಡಮಾಡದೆ ತಿಳಿಸುವುದು ಕೆಲಸಗಾರರ ಕರ್ತವ್ಯ ಅಂತ ಕೆಲಸದ ಸುರಕ್ಷತೆಯ ಕಾನೂನೇ ಹೇಳುತ್ತದೆ. ಹಾಗಾಗಿ ಇದನ್ನು ಚಾಡಿ ಅಂತ ತಿಳಿಯಬೇಡ. "ಹೀರ್‌ಮಿಟ್ ತ್ಸೈಗೆ ಇಶ್ ಐನೆ ಗೆಫೇರ್ಡುಂಗ್ ಆನ್" ಎಂಬ ಒಂದು ಸಾಲಿನಿಂದ ಶುರು ಮಾಡು, ಈ ಮೂಲಕ ಅಪಾಯವೊಂದನ್ನು ತಿಳಿಸುತ್ತಿದ್ದೇನೆ ಅಂತ ಅರ್ಥ. ಕೆಳಗೆ ಹೀಗೆ:

ಅಕ್ಟೋಬರ್ 14ರ ರಾತ್ರಿ, 21:00ರಿಂದ 06:30. ವಾರ್ಡ್ 3ಬಿ. ರೋಗಿಗಳು 27. ಪಟ್ಟಿಯಲ್ಲಿದ್ದವರು ಮಾನ್ಯತೆ ಇರುವ ನರ್ಸ್ 2, ಸಹಾಯಕಿ 1. ನಿಜವಾಗಿ ಇದ್ದವರು ನರ್ಸ್ 1, ಸಹಾಯಕಿ 1. 22:15ಕ್ಕೆ ರಾತ್ರಿ ಉಸ್ತುವಾರಿಗೆ ಫೋನಿನಲ್ಲಿ ತಿಳಿಸಿದೆ, ಹೆಚ್ಚಿನ ಜನ ಇಲ್ಲ ಎಂಬ ಉತ್ತರ ಬಂತು. 00:30ರಿಂದ 02:10ರವರೆಗೆ ನರ್ಸ್ ಬೇರೆ ವಾರ್ಡಿನಲ್ಲಿದ್ದರು, ಆ ಹೊತ್ತು ಮಾನ್ಯತೆ ಇಲ್ಲದ ನಾನು ಒಬ್ಬಳೇ. ಮಗ್ಗುಲು ಬದಲಿಸಬೇಕಾದ 5 ರೋಗಿಗಳಲ್ಲಿ 3 ಮಂದಿಗೆ ಒಂದು ತಾಸು ತಡವಾಯಿತು. ಬೀಳುವ ಅಪಾಯವಿದ್ದ ಒಬ್ಬ ರೋಗಿಯ ಕರೆಗಂಟೆಗೆ 12 ನಿಮಿಷ ಹೋಗಲಾಗಲಿಲ್ಲ. ಬ್ರೇಕ್ ಆಗಲಿಲ್ಲ.

ಇದು ಮಾದರಿ. ನೋಡು, ಇದರಲ್ಲಿ ಯಾರ ಮೇಲೂ ಬೈಗುಳವಿಲ್ಲ, "ಯಾವಾಗಲೂ", "ಭಾಳ" ಎಂಬ ಶಬ್ದಗಳಿಲ್ಲ, ರೋಗಿಯ ಹೆಸರಿಲ್ಲ. ಹೊತ್ತು ಮತ್ತು ಸಂಖ್ಯೆ ಅಷ್ಟೇ. ಇಂಥ ಕಾಗದವನ್ನು ತಳ್ಳಿಹಾಕುವುದು ಕಷ್ಟ. "ಸಿಬ್ಬಂದಿ ಕೊರತೆಯಿಂದ ತುಂಬಾ ಒತ್ತಡ" ಅಂತ ಬರೆದರೆ "ನಿನಗೆ ಕೆಲಸ ನಿಭಾಯಿಸಲು ಬರುವುದಿಲ್ಲ" ಅಂತ ತಿರುಗಿಸಿಬಿಡುತ್ತಾರೆ. ಪಾಳಿ ಮುಗಿದ ಬೆಳಿಗ್ಗೆಯೇ ಕೊಡು. ಎರಡು ಪ್ರತಿ ಮಾಡಿ, ತೆಗೆದುಕೊಂಡವರಿಂದ ನಿನ್ನ ಪ್ರತಿಯ ಮೇಲೆ ತಾರೀಖು, ಸಹಿ ಹಾಕಿಸಿಕೋ. ಪ್ರತಿ ಇಟ್ಟುಕೊಳ್ಳದೆ ಕೊಟ್ಟ ಕಾಗದ ಬಾಯಿಮಾತಿನ ಹಾಗೆಯೇ ಗಾಳಿಗೆ ಹೋಗುತ್ತದೆ. ಕಾಗದ ಕೊಟ್ಟೆನಲ್ಲ ಅಂತ ಕೈಬಿಟ್ಟು ಕೂಡಲೂ ಬರುವುದಿಲ್ಲ, ಇದ್ದ ಜನರಲ್ಲಿ ಮೊದಲು ಮಾಡಬೇಕಾದ್ದನ್ನು ಮೊದಲು ಮಾಡುವ ಹೊಣೆ ಹಾಗೆಯೇ ಉಳಿಯುತ್ತದೆ. ಆದರೆ ನಾಳೆ ರೋಗಿಗೆ ಏನಾದರೂ ಆದರೆ, ಗೊತ್ತಿದ್ದೂ ಸುಮ್ಮನಿದ್ದಳು ಎಂಬ ಮಾತು ನಿನ್ನ ಮೇಲೆ ಬರುವುದಿಲ್ಲ.

ಆ "ನಾನು ಒಬ್ಬಳೇ" ಎಂಬ ಸಾಲು ನಿನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. 2020ರ ಜನವರಿಯಿಂದ ಜಾರಿಯಲ್ಲಿರುವ ನರ್ಸಿಂಗ್ ಕಾನೂನಿನಲ್ಲಿ ರೋಗಿಗೆ ಯಾವ ಆರೈಕೆ ಬೇಕು ಅಂತ ತೀರ್ಮಾನಿಸುವುದು, ಅದನ್ನು ಯೋಜಿಸುವುದು, ಗುಣಮಟ್ಟ ನೋಡುವುದು ಮಾನ್ಯತೆ ಇರುವವರಿಗಷ್ಟೇ ಮೀಸಲು. ಊರಲ್ಲಿ ಎಷ್ಟೇ ವರ್ಷ ಐಸಿಯು ನೋಡಿದ್ದರೂ ಇಲ್ಲಿಯ ಕಾಗದ ಕೈಗೆ ಬರುವವರೆಗೆ ನಿನ್ನ ಲೆಕ್ಕ ಸಹಾಯಕಿಯದು. "ನಿನಗೆ ಬರುತ್ತದಲ್ಲ, ನೋಡಿಕೋ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ, ಆ ಪ್ರೀತಿಗೆ ಕರಗಬೇಡ.

ಒಬ್ಬ ನರ್ಸಿಗೆ ಎಷ್ಟು ರೋಗಿ ಎಂಬ ಕಾನೂನಿನ ಮಿತಿಯೂ ಇದೆ, ಇನ್‌ಟೆನ್ಸಿವ್ ವಾರ್ಡಿನಲ್ಲಿ ಹಗಲು 2, ರಾತ್ರಿ 3, ಬೇರೆ ವಾರ್ಡಿಗೆ ಬೇರೆ. ಆದರೆ ಅದನ್ನು ತಿಂಗಳ ಸರಾಸರಿಯಲ್ಲಿ ನೋಡುತ್ತಾರೆ. ಒಂದು ಕೆಟ್ಟ ರಾತ್ರಿಯನ್ನು ಹಿಡಿದು "ಕಾನೂನು ಮುರಿದಿರಿ" ಅಂತ ಬರೆಯಬೇಡ.

ಎರಡು ಕೆಲಸ ಮಾತ್ರ ಸತ್ತರೂ ಮಾಡಬೇಡ. ಮೊಬೈಲಿನಲ್ಲಿ ಗುಟ್ಟಾಗಿ ಮಾತು ರೆಕಾರ್ಡ್ ಮಾಡುವುದು ನಮ್ಮ ಮಂದಿಗೆ ಮೊದಲು ಹೊಳೆಯುವ ಉಪಾಯ. ಇಲ್ಲಿ ಅದು ಅಪರಾಧ, ದಂಡಸಂಹಿತೆಯಲ್ಲಿದೆ. ರೋಗಿಯ ಚಾರ್ಟಿನ ಫೋಟೋ ತೆಗೆದು ಗೆಳತಿಗೆ ವಾಟ್ಸಾಪ್ ಮಾಡುವುದೂ ಅಷ್ಟೇ, ಗೌಪ್ಯತೆ ಮುರಿದಂತೆ. ಎರಡರಲ್ಲಿ ಒಂದು ಮಾಡಿದರೂ ನಿನ್ನ ದೂರು ಎಷ್ಟೇ ನಿಜವಿದ್ದರೂ ಮಾತೆಲ್ಲ ನಿನ್ನ ತಪ್ಪಿನ ಕಡೆಗೇ ತಿರುಗುತ್ತದೆ.

ಕಾಗದದ ದಾರಿ ಕೆಳಗಿನಿಂದ ಮೇಲೆ. ಮೊದಲು ವಾರ್ಡಿನ ಮುಖ್ಯಸ್ಥೆ, ಆಮೇಲೆ ನರ್ಸಿಂಗ್ ವಿಭಾಗದ ಮುಖ್ಯಸ್ಥರು. ಪ್ರತಿಯೊಂದನ್ನು ನೌಕರರ ಚುನಾಯಿತ ಮಂಡಳಿಗೆ ಕೊಡು. ಖಾಸಗಿ ಆಸ್ಪತ್ರೆಯಲ್ಲಿ ಅದು ಬೆಟ್ರೀಬ್ಸ್‌ರಾಟ್, ಸರಕಾರಿಯಲ್ಲಿ ಪೆರ್ಸೊನಾಲ್‌ರಾಟ್, ಚರ್ಚಿನ ಆಸ್ಪತ್ರೆಯಲ್ಲಿ ಮಿಟ್‌ಆರ್ಬೈಟರ್‌ಫೆರ್‌ಟ್ರೇಟುಂಗ್. ಬೆಟ್ರೀಬ್ಸ್‌ರಾಟ್ ಇರುವ ಕಡೆ ದೂರು ಹೇಳಲು ಹೋಗುವಾಗ ಅದರ ಒಬ್ಬ ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೋಗುವುದು ನಿನ್ನ ಹಕ್ಕು. ಸಹೋದ್ಯೋಗಿ ಬಾರದಿದ್ದರೆ ಖಾಲಿ ಉಳಿಯುವ ಕುರ್ಚಿಗೆ ಕಾನೂನೇ ಒಬ್ಬರನ್ನು ಕೊಟ್ಟಿದೆ. ಮಾತುಕತೆ ಮುಗಿದ ದಿನವೇ ಮೂರು ಸಾಲಿನ ಮೇಲ್ ಹಾಕು: ಏನು ಹೇಳಿದೆ, ಅವರು ಏನು ಹೇಳಿದರು, ಯಾವ ತಾರೀಖಿನೊಳಗೆ ಉತ್ತರ. ಮಾಲೀಕರಿಗೆ ತಿಳಿಸಿದರೂ ಏನೂ ಆಗದಿದ್ದರೆ ಮಾತ್ರ ಸುರಕ್ಷತಾ ಅಧಿಕಾರಿಗಳ ಕಡೆಗೆ ಹೋಗು. ಮೊದಲೇ ಹೊರಗೆ ಹೋದರೆ ಒಳಗಿನ ಬಾಗಿಲು ಮುಚ್ಚುತ್ತದೆ.

ಇನ್ನು ವಾಪಸ್ ಕಳಿಸುವ ಮಾತು. ಆಸ್ಪತ್ರೆಗೆ ನಿನ್ನ ವೀಸಾ ರದ್ದು ಮಾಡುವ ಅಧಿಕಾರವಿಲ್ಲ, ಅದು ವಿದೇಶಿಯರ ಕಚೇರಿಯದು. ಆಸ್ಪತ್ರೆ ಮಾಡಬಹುದಾದ್ದು ಕೆಲಸದಿಂದ ತೆಗೆಯುವುದು. ನಿನಗಿರುವುದು ಐದು ತಿಂಗಳು, ಅಂದರೆ ಸಾಮಾನ್ಯವಾಗಿ ಪ್ರೊಬೇಷನ್ ಕಾಲ. ಎರಡು ವಾರದ ನೋಟಿಸಿನಲ್ಲಿ, ಕಾರಣ ಹೇಳದೆ ತೆಗೆಯಬಹುದು. ಆರು ತಿಂಗಳು ದಾಟಿದರೆ, ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ, ಕಾನೂನು ಒಪ್ಪುವ ಕಾರಣ ಬೇಕು. ಹಾಗಾಗಿ ನನ್ನ ಸಲಹೆ: ಓವರ್‌ಟೈಮ್ ದುಡ್ಡಿನ ಜಗಳವನ್ನು ಇನ್ನೊಂದು ತಿಂಗಳು ನೋಟ್‌ಬುಕ್ಕಿನಲ್ಲೇ ಇಡು. ಅದಕ್ಕೂ ಗಡುವಿದೆ, ಬಹಳ ಕರಾರುಗಳಲ್ಲಿ ಮೂರು ತಿಂಗಳು, ಸರಕಾರಿ ಆಸ್ಪತ್ರೆಯ ವೇತನ ಒಪ್ಪಂದದಲ್ಲಿ ಆರು. ನಿನ್ನ ಕರಾರಿನ ಕೊನೆಯ ಪುಟದಲ್ಲಿ ಹುಡುಕು, ಆ ಗಡುವು ಮೀರಬಾರದು. ಆದರೆ ರೋಗಿಗಳ ಅಪಾಯದ ಕಾಗದವನ್ನು ಒಂದು ದಿನವೂ ತಡೆಯಬೇಡ. ಹಕ್ಕು ಕೇಳಿದ್ದಕ್ಕೆ ಶಿಕ್ಷೆ ಕೊಡಬಾರದು ಎಂಬ ನಿಯಮ ಪ್ರೊಬೇಷನ್ನಿನಲ್ಲೂ ಇದೆ. ಸಹಿ ಬಿದ್ದ ಆ ಪ್ರತಿಯ ತಾರೀಖೇ ಆಗ ನಿನ್ನ ಸಾಕ್ಷಿ. ಬೆಟ್ರೀಬ್ಸ್‌ರಾಟ್ ಇರುವ ಕಡೆ ಅದನ್ನು ಕೇಳದೆ ತೆಗೆದರೆ, ಪ್ರೊಬೇಷನ್ನಿನಲ್ಲಿದ್ದರೂ, ಆ ತೆಗೆಯುವಿಕೆ ಅಸಿಂಧು.

ಒಂದು ವೇಳೆ ತೆಗೆದರೆಂದೇ ಇಟ್ಟುಕೋ. ಮೇಲ್, ವಾಟ್ಸಾಪ್, ಬಾಯಿಮಾತು ನಡೆಯುವುದಿಲ್ಲ, ಪೆನ್ನಿನ ಸಹಿ ಇರುವ ಕಾಗದವೇ ಬೇಕು. ಆ ಕಾಗದ ಕೈಗೆ ಬಂದ ದಿನದಿಂದ ಕೋರ್ಟಿಗೆ ಹೋಗಲು ಮೂರು ವಾರ, ಒಂದು ದಿನ ಮೀರಿದರೂ ಬಹುತೇಕ ಮುಗಿಯಿತು. ಕಾರ್ಮಿಕ ನ್ಯಾಯಾಲಯದ ಕೌಂಟರಿನಲ್ಲಿ ವಕೀಲರಿಲ್ಲದೆಯೂ ಅರ್ಜಿ ಬರೆಸಬಹುದು. ಉದ್ಯೋಗ ಕಚೇರಿಗೆ ಮೂರು ದಿನದೊಳಗೆ, ವಿದೇಶಿಯರ ಕಚೇರಿಗೆ ಎರಡು ವಾರದೊಳಗೆ ತಿಳಿಸಬೇಕು. "ಇಬ್ಬರಿಗೂ ಒಳ್ಳೆಯದು, ಇದಕ್ಕೆ ಸಹಿ ಹಾಕು" ಅಂತ ಆಉಫ್‌ಹೇಬುಂಗ್ಸ್‌ಫೆರ್‌ಟ್ರಾಗ್ ಮುಂದಿಟ್ಟರೆ, ಅಂದರೆ ಪರಸ್ಪರ ಒಪ್ಪಿ ಕೆಲಸ ಬಿಡುವ ಕರಾರು, ಅಲ್ಲೇ ಸಹಿ ಹಾಕಬೇಡ. ಮನೆಗೆ ಒಯ್ದು ಓದುತ್ತೇನೆ ಅನ್ನು. ಸಹಿ ಹಾಕಿದರೆ ಕೋರ್ಟಿನ ದಾರಿ ಹೆಚ್ಚುಕಡಿಮೆ ಮುಚ್ಚುತ್ತದೆ, ನಿರುದ್ಯೋಗ ಭತ್ಯೆಗೆ ಹಕ್ಕಿದ್ದರೂ 12 ವಾರ ತಡೆ ಬೀಳಬಹುದು. ನಿನ್ನನ್ನು ಇಲ್ಲಿಗೆ ಕರೆತಂದ ಏಜೆನ್ಸಿಯ ಖರ್ಚು ತುಂಬಿಕೊಡಬೇಕು ಅಂತ ಹೆದರಿಸಿದರೂ ಹಾಗೇ ಮಾಡು. ಅಂಥ ಎಷ್ಟೋ ಷರತ್ತುಗಳು ಇಲ್ಲಿಯ ಕೋರ್ಟುಗಳಲ್ಲಿ ನಿಂತಿಲ್ಲ, ಮೊದಲು ತಿಳಿದವರಿಗೆ ತೋರಿಸು. ಫೇರೆ ಇಂಟೆಗ್ರಾಟ್ಸಿಯೋನ್ ಎಂಬ ಸಲಹಾ ಕೇಂದ್ರಗಳು ಎಲ್ಲ ರಾಜ್ಯಗಳಲ್ಲೂ ಇವೆ, ಹೊರದೇಶದಿಂದ ಬಂದ ಕೆಲಸಗಾರರಿಗೆ ಪುಕ್ಕಟೆ.

ಯೂನಿಯನ್ನಿಗೆ ಈಗಲೇ ಸೇರು. ನರ್ಸುಗಳಿಗೆ ವೆರ್‌ಡಿ ಇದೆ, ಚಂದಾ ತಿಂಗಳ ಒಟ್ಟು ಸಂಬಳದ ಶೇಕಡಾ 1. ವಕೀಲರ ನೆರವು ಸಾಮಾನ್ಯವಾಗಿ ಸೇರಿ ಮೂರು ತಿಂಗಳಾದ ಮೇಲೆ ಸಿಗುವುದರಿಂದ ಜಗಳ ಹತ್ತಿದ ಮೇಲೆ ಸೇರಿದರೆ ತಡ. ಗದಗಿನವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಹೀಗೇ, ತ್ರಾಸು ಬರುವ ಮೊದಲೇ ಎಲ್ಲರೂ ಒಂದಿಷ್ಟು ಹಾಕಿ ಇಟ್ಟರೆ ಬಂದಾಗ ಒಬ್ಬರ ಕೈಗೆ ಸಿಗುತ್ತದೆ ಅಂತ.

ಮನೆಯವರು "ಸುಮ್ಮನಿರು, ಸಾಲ ತೀರುವವರೆಗೆ ಹೇಗಾದರೂ ತಳ್ಳು" ಅನ್ನುತ್ತಾರೆ. ನೀನು ಪಾಳಿ ಮುಗಿಸಿ ಫೋನ್ ಹಚ್ಚುವಾಗ ಅಲ್ಲಿ ಹೊತ್ತು ಏರಿರುತ್ತದೆ, ಅಳುವ ದನಿ ಕೇಳಿದರೆ ಅವರಿಗೆ ಅದಕ್ಕಿಂತ ಬೇರೆ ಮಾತು ಹೊಳೆಯುವುದಿಲ್ಲ. ನಿದ್ದೆ ಮಾಡಿ ಎದ್ದ ಮೇಲೆ ಮಾತಾಡು.

ನಿನ್ನ ಆಸ್ಪತ್ರೆ ಚರ್ಚಿನದೋ, ನಗರಸಭೆಯದೋ, ಖಾಸಗಿಯೋ ಅಂತ ಬರೆದಿಲ್ಲ. ಸಂಬಳದ ಚೀಟಿಯ ತಲೆಯ ಮೇಲೆ ಯಾರ ಹೆಸರಿದೆ ನೋಡಿ ತಿಳಿಸು. ಇಲ್ಲಿ ಇರಲು ಸಿಕ್ಕ ಪರವಾನಗಿ ಕಾರ್ಡಿನ ಜೊತೆ ಕೊಟ್ಟ ಮಡಚಿದ ಹಾಳೆಯಲ್ಲಿ ಮಾಲೀಕರ ಹೆಸರು ಇದೆಯೋ ಅದನ್ನೂ ನೋಡು. ಇದ್ದರೆ ವಿದೇಶಿಯರ ಕಚೇರಿಯ ಒಪ್ಪಿಗೆ ಸಿಗದೆ ಬೇರೆ ಆಸ್ಪತ್ರೆಯಲ್ಲಿ ಒಂದು ದಿನವೂ ಕೆಲಸ ಶುರು ಮಾಡಬಾರದು.