5 ಗುಂಟೆಯಲ್ಲಿ ತರಕಾರಿ, ಹೂವು ಎರಡೂ ಬೆಳೆಯಬಹುದಾ?

ದಾವಣಗೆರೆ ಪಕ್ಕದ ಹಳ್ಳಿಯಲ್ಲಿ ಮನೆ ಹಿಂದೆ 5 ಗುಂಟೆ ಜಾಗ ಇದೆ, ಒಂದು ಹಳೆ ಬೋರ್ ಇದೆ, ಮನೆಗೆ ತರಕಾರಿ, ಹಬ್ಬಕ್ಕೆ ಹೂವು ಎರಡೂ ಆಗಬೇಕು, ಯಾವ ಗಿಡದಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಖಂಡಿತ ಬೆಳೆಯಬಹುದು. ಗಿಡದ ಮಾತು ಆಮೇಲೆ. ಮೊದಲು ಆ ಬೋರ್ ಬೇಸಿಗೆಯಲ್ಲಿ ಎಷ್ಟು ನೀರು ಕೊಡುತ್ತದೆ ಅಂತ ತಿಳಿದುಕೊಳ್ಳಿ. 200 ಲೀಟರಿನ ಡ್ರಮ್ ಇಟ್ಟು, ತುಂಬೋಕೆ ಎಷ್ಟು ನಿಮಿಷ ಹಿಡಿಯಿತು ಅಂತ ನೋಡಿದರೆ ಸಾಕು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಸುಮಾರು 100 ಚದರ ಮೀಟರ್. ಬಿರು ಬಿಸಿಲಲ್ಲಿ ಅಷ್ಟು ಜಾಗದ ತರಕಾರಿಗೆ ದಿನಕ್ಕೆ 500 ಲೀಟರ್ ಬೇಕಾಗುತ್ತದೆ. ಐದೂ ಗುಂಟೆ ಹಸಿರಾಗಿರಬೇಕು ಅಂದರೆ 2,500 ಲೀಟರ್. ಕರೆಂಟ್ ಇದ್ದಷ್ಟು ಹೊತ್ತಿನಲ್ಲೇ ಇಷ್ಟು ನೀರು ಬರಬೇಕು, ನೆನಪಿರಲಿ.

ನಾನಿರೋದು ಹಿರಿಯೂರು ಕಡೆ. ಇಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲೂ ಜಾಸ್ತಿ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೊದಲ ವರ್ಷ ಮಳೆ ನೋಡಿ ಹುರುಪಿನಲ್ಲಿ ಇಡೀ ಜಾಗಕ್ಕೆ ಗಿಡ ಹಾಕಿದೆ. ಮಾರ್ಚ್ ಹೊತ್ತಿಗೆ ಉಳಿದದ್ದು ನುಗ್ಗೆ, ಕರಿಬೇವು ಎರಡೇ. ಈಗ ಮಳೆಗಾಲದಲ್ಲಿ ಪೂರ್ತಿ ಹಾಕುತ್ತೇನೆ, ಸಂಕ್ರಾಂತಿ ಕಳೆದ ಮೇಲೆ ಒಂದೂವರೆ ಗುಂಟೆಗೆ ಇಳಿಸುತ್ತೇನೆ.

ಮಣ್ಣಿಗೆ ಮುಚ್ಚಿಗೆ ಮಾತ್ರ ಬಿಡಬೇಡಿ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳು ಜಾಸ್ತಿ, ಹಾಗಾಗಿ ನನಗೆ ಶೇಂಗಾ ಸಿಪ್ಪೆ ಸಿಗುತ್ತದೆ. ನಿಮ್ಮ ಕಡೆ ಮೆಕ್ಕೆಜೋಳದ ದಂಟು, ಭತ್ತದ ಹುಲ್ಲು ಬೇಕಾದಷ್ಟಿದೆ. ಬುಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ದೂರ ಹಾಕಿ, ಇಲ್ಲದಿದ್ದರೆ ಗೆದ್ದಲು ನೇರ ಕಾಂಡಕ್ಕೇ ಹತ್ತುತ್ತದೆ.

ಹೂವಿನಲ್ಲಿ ಮೊದಲು ಚೆಂಡು ಹೂ ಹಾಕಿ. ಅದೂ ಬೇರೆ ಜಾಗದಲ್ಲಿ ಬೇಡ, ಟೊಮೆಟೊ ಸಾಲುಗಳ ಮಧ್ಯೆಯೇ. ಅದರ ಬೇರು, ಮಣ್ಣಿನಲ್ಲಿದ್ದು ಗಿಡದ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವಿಗೆ ಆಗಿಬರುವುದಿಲ್ಲ. ಕಾಯಿ ಕೊರೆಯುವ ಹುಳುವಿನ ಚಿಟ್ಟೆಯೂ ಟೊಮೆಟೊ ಬಿಟ್ಟು ಚೆಂಡು ಹೂವಿನ ಮೇಲೆ ಮೊಟ್ಟೆ ಇಡಲು ಹೋಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 16 ಸಾಲು ಟೊಮೆಟೊಗೆ 1 ಸಾಲು ಚೆಂಡು ಹೂ ಅನ್ನುತ್ತಾರೆ. ಎರಡೂ ಒಟ್ಟಿಗೆ ಹೂ ಬಿಡಬೇಕು, ಅದಕ್ಕೆ ಚೆಂಡು ಹೂವಿನ ಸಸಿ ಟೊಮೆಟೊ ಸಸಿಗಿಂತ ಎರಡು ಮೂರು ವಾರ ದೊಡ್ಡದಿರಬೇಕು. ಆಯುಧ ಪೂಜೆಗೆ ಹೂ ಬೇಕಾದರೆ ಆರಿದ್ರಾ ಮಳೆ ಮುಗಿಯೋ ಹೊತ್ತಿಗೆ, ಅಂದರೆ ಜುಲೈ ಮೊದಲ ವಾರದಲ್ಲಿ, ಬೀಜ ಚೆಲ್ಲಿ. ಸಸಿಗೆ ಒಂದು ತಿಂಗಳು, ನಾಟಿ ಮಾಡಿದ ಮೇಲೆ ಒಂದೂವರೆ ಎರಡು ತಿಂಗಳು. ಮಧ್ಯದಲ್ಲಿ ಒಮ್ಮೆ ಕುಡಿ ಚಿವುಟಿ. ಮನಸ್ಸು ಬರಲ್ಲ, ಆದರೂ ಚಿವುಟಿ.

ಕನಕಾಂಬರಕ್ಕೂ ಅದೇ ಬೇರುಗಂಟಿನ ಕಾಟ. ಟೊಮೆಟೊ, ಬದನೆ ಕಿತ್ತ ಜಾಗದಲ್ಲಿ ಅದನ್ನು ಹಾಕಬೇಡಿ.

ನುಗ್ಗೆ ಎರಡು ಮರ ಸಾಕು, ನೀರು ಜಾಸ್ತಿ ಕೊಟ್ಟರೆ ಹೂವು ಉದುರುತ್ತದೆ. ಮಳೆ ಶುರುವಾದಾಗ ಕಾಂಡದ ಮೇಲೆ ಕಂಬಳಿಹುಳು ಗುಂಪು ಕಟ್ಟುತ್ತವೆ, ಹಿತ್ತಿಲ ಬಾಗಿಲ ಪಕ್ಕ ಮರ ಬೇಡ. ಕುಂಬಳದ ಬಳ್ಳಿ ಮೊದಲು ಬಿಡೋದೆಲ್ಲ ಗಂಡು ಹೂವೇ, ಕಾಯಿ ಕಟ್ಟಲಿಲ್ಲ ಅಂತ ಗಾಬರಿ ಬೇಡ. ನೀರು ಉಪ್ಪಾಗಿದ್ದರೆ ಬೀನ್ಸ್, ಗುಲಾಬಿ ಕಷ್ಟ. ನಾನು ನೀರು, ಮಣ್ಣು ಎರಡನ್ನೂ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿದೆ. ನಿಮಗೆ ದಾವಣಗೆರೆಯಲ್ಲೇ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ.

ಇನ್ನು ಸೇವಂತಿಗೆ. ಇದರಲ್ಲಿ ನಾನು ಚೆನ್ನಾಗಿ ಏಮಾರಿದ್ದೇನೆ. ಬೇಲಿ ಪಕ್ಕ ಎರಡು ಸಾಲು, ದನದ ಕೊಟ್ಟಿಗೆ ಹಿಂದೆ ಎರಡು ಸಾಲು ಹಾಕಿದ್ದೆ. ಒಂದೇ ಕಡೆಯ ಸಸಿ, ಒಂದೇ ಗೊಬ್ಬರ. ದೀಪಾವಳಿಗೆ ಕೊಟ್ಟಿಗೆ ಹಿಂದಿನವು ಹಳದಿ ಹಾಸಿದ ಹಾಗಿದ್ದವು. ಬೇಲಿ ಪಕ್ಕದವು ಸೊಂಟದೆತ್ತರ ಬೆಳೆದು ಸೊಪ್ಪಾಗಿ ನಿಂತಿದ್ದವು, ಒಂದು ಮೊಗ್ಗಿಲ್ಲ. ಹಿಂಡಿ ಜಾಸ್ತಿಯಾಯಿತೇನೋ ಅಂತ ಗೊಬ್ಬರ ನಿಲ್ಲಿಸಿದೆ, ನೀರು ಕಡಿಮೆ ಮಾಡಿದೆ. ಕೊನೆಗೆ ಪಕ್ಕದ ಹೊಲದವರು ಬಂದು ನೋಡಿ, ಗಿಡ ಬಿಟ್ಟು ಮೇಲೆ ಕೈ ತೋರಿಸಿದರು. ಬೀದಿದೀಪ! ಸೇವಂತಿಗೆ ರಾತ್ರಿ ಉದ್ದವಾದ ಮೇಲೆಯೇ ಮೊಗ್ಗು ಕಟ್ಟುವ ಗಿಡ. ಇಡೀ ರಾತ್ರಿ ದೀಪ ಉರಿದರೆ ಅದಕ್ಕೆ ಇನ್ನೂ ಬೇಸಿಗೆಯೇ. ದೊಡ್ಡ ಬೆಳೆಗಾರರು ಇದನ್ನೇ ಉಪಯೋಗಿಸಿಕೊಂಡು, ರೇಟು ಬರೋವರೆಗೆ ಹೂ ತಡೆಯೋಕೆ ರಾತ್ರಿ ಬಲ್ಬ್ ಹಾಕುತ್ತಾರಂತೆ. ನಾನು ಪುಕ್ಕಟೆಯಾಗಿ ಹಾಕಿಸಿಕೊಂಡಿದ್ದೆ. ಆ ವರ್ಷ ಪೂಜೆಗೆ ಪೇಟೆಯಿಂದ ಮಾರು ಲೆಕ್ಕದಲ್ಲಿ ಹೂ ತಂದಾಗ ಮನೆಯವಳು ಏನೂ ಅನ್ನಲಿಲ್ಲ. ಸುಮ್ನೆ ನಕ್ಕಳು.

ಹಾಗಾಗಿ ಸಸಿ ತರುವ ಮುಂಚೆ ಒಂದು ರಾತ್ರಿ ಎಂಟು ಗಂಟೆಗೆ ನಿಮ್ಮ ಹಿತ್ತಿಲಲ್ಲಿ ಹೋಗಿ ನಿಲ್ಲಿ. ದೀಪಕ್ಕೆ ನಿಮ್ಮ ನೆರಳು ನೆಲದ ಮೇಲೆ ಬಿದ್ದರೆ ಆ ಜಾಗಕ್ಕೆ ಬದನೆ ಹಾಕಿ.