ಪ್ರಭಾವತಿಯ ವೇಷ, ಅಪ್ಪನ ಅನುಮಾನ

ಪ್ರಶ್ನೆ: ನನಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನಿಗೆ 20, ಬಿ.ಕಾಂ. ಓದುತ್ತಿದ್ದಾನೆ. ಊರಿನ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಸ್ತ್ರೀವೇಷ ಮಾಡುತ್ತಾನೆ. ಮಾತು ಮೆತ್ತಗೆ, ನಡಿಗೆಯಲ್ಲೂ ಸ್ವಲ್ಪ ಬಳುಕು. ಕ್ರಿಕೆಟ್ ಬೇಡ, ಅಡುಗೆಮನೆಯಲ್ಲಿ ನನ್ನ ಜೊತೆಗೇ ಇರುತ್ತಾನೆ. ‘ಸುಧನ್ವಾರ್ಜುನ’ದಲ್ಲಿ ಪ್ರಭಾವತಿ ಮಾಡಿದಾಗ ಎಲ್ಲರೂ ಹೊಗಳಿದರು. ಆದರೆ ನಾದಿನಿ, ‘ಇವನು ಆ ತರಹದವನೇ ಇರಬೇಕು’ ಎಂದದ್ದು ಯಜಮಾನರ ಕಿವಿಗೆ ಬಿತ್ತು. ಅಂದಿನಿಂದ ಗೆಜ್ಜೆ ಅಟ್ಟ ಸೇರಿದೆ. ಇನ್ನು ಮಾಡಿಸುವುದಾದರೆ ಪುಂಡುವೇಷ (ಅಭಿಮನ್ಯುವಿನಂಥ ವೀರ ತರುಣರ ಪಾತ್ರ) ಮಾಡಿಸಿ ಎಂದು ಭಾಗವತರಿಗೆ ಹೇಳಿಕಳಿಸಿದ್ದಾರೆ. ಪೇಟೆಯ ಡಾಕ್ಟರೊಬ್ಬರು ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಸರಿಹೋಗುತ್ತದೆ ಎಂದಿದ್ದಾರೆ. ಕೊಡಿಸಬಹುದೇ? ದೊಡ್ಡವನ ಚಿಂತೆಯಿಲ್ಲ. 31 ವರ್ಷ, ಬೆಂಗಳೂರಿನಲ್ಲಿ ಕೆಲಸ, ಜಿಮ್, ಬುಲೆಟ್, ಗಡ್ಡ. ಬಂದ ಜಾತಕಗಳನ್ನೆಲ್ಲ ಬೇಡ ಎನ್ನುತ್ತಾನೆ, ಅಷ್ಟೇ. ಈ ವರ್ಷ ಹೇಗಾದರೂ ಮದುವೆ ಮುಗಿಸುತ್ತೇವೆ.
– ಒಬ್ಬ ತಾಯಿ, ಉತ್ತರ ಕನ್ನಡ

ಉತ್ತರ: ತಾಯೀ, ನಾನೂ ಕರಾವಳಿಯವಳು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ, ಬೆಳಗ್ಗೆ ಶಾಲೆಯಲ್ಲಿ ತೂಕಡಿಸಿ ಬೆಳೆದವಳು. ದ್ರೌಪದಿ, ದಮಯಂತಿ, ಚಂದ್ರಮತಿ ಎಲ್ಲರನ್ನೂ ತಲೆಮಾರುಗಳಿಂದ ಗಂಡಸರೇ ಮಾಡಿಕೊಂಡು ಬಂದ ಸೀಮೆಯಲ್ಲಿ, ಈಗ ಒಬ್ಬ ಹುಡುಗನ ಪ್ರಭಾವತಿಯನ್ನು ನೋಡಿ ಅಪ್ಪನಿಗೆ ನಿದ್ದೆ ಹೋಗಿದೆಯೆಂದರೆ ಏನು ಹೇಳಲಿ? ಸ್ತ್ರೀವೇಷ ಒಂದು ವಿದ್ಯೆ. ಅಭಿಮನ್ಯುವಿನ ವೇಷ ಕಟ್ಟಿಸಿದರೆ ಮಗ ಹುಡುಗಿಯರನ್ನೇ ಇಷ್ಟಪಡುತ್ತಾನೆಂದು ಯಾವ ಭಾಗವತರೂ ಬರೆದುಕೊಡಲಾರರು.

ಮೆತ್ತಗಿನ ಮಾತು, ಬಳುಕುವ ನಡಿಗೆ, ಅಡುಗೆಮನೆ – ಇವು ಒಬ್ಬನ ರೀತಿ. ಯಾರನ್ನು ಕಂಡರೆ ಅವನ ಮನಸ್ಸು ಎಳೆಯುತ್ತದೆ ಎಂಬುದು ಬೇರೆಯದೇ ವಿಷಯ. ಚಿಕ್ಕವನು ಸಲಿಂಗಿ ಇರಬಹುದು, ಇಲ್ಲದಿರಬಹುದು. ನಿಮ್ಮ ಪತ್ರದಿಂದ ನನಗೆ ತಿಳಿಯದು, ನಿಮ್ಮ ನಾದಿನಿಗಂತೂ ತಿಳಿದಿಲ್ಲ.

ಪತ್ರದ ಕೊನೆಯ ಸಾಲುಗಳಲ್ಲಿ ದೊಡ್ಡವನನ್ನು ಮುಗಿಸಿಬಿಟ್ಟಿದ್ದೀರಿ. ತೋಟ ನೋಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗದೆ ಹೆತ್ತವರು ಊರೂರು ಸುತ್ತುತ್ತಿರುವ ಜಿಲ್ಲೆ ನಿಮ್ಮದು. ಇವನು ಮನೆಬಾಗಿಲಿಗೆ ಬಂದ ಜಾತಕಗಳನ್ನೂ ಬೇಡವೆನ್ನುತ್ತಿದ್ದಾನೆ, ಯಾಕೆಂದು ಯಾರೂ ಕೇಳಿದಂತಿಲ್ಲ. ಗಡ್ಡ, ಬುಲೆಟ್ ನೋಡಿ ಇವನದು ಸರಿಯಿದೆ ಎಂದುಕೊಂಡಿದ್ದೀರಿ. ಹಾಗೆಂದು ಈಗ ಚಿಕ್ಕವನ ಮೇಲಿನ ಅನುಮಾನವನ್ನು ಎತ್ತಿ ದೊಡ್ಡವನ ತಲೆಗೆ ಕಟ್ಟಬೇಡಿ! ಸಾಲ ಇರಬಹುದು, ಬೇರೆ ಜಾತಿಯ ಹುಡುಗಿ ಇರಬಹುದು, ಮದುವೆಯೇ ಬೇಡವಿರಬಹುದು, ಗೇ ಇರಬಹುದು. ‘ನೀನು ಅಂಥವನಾ?’ ಎಂದು ಕೇಳಿದರೆ ಯಾವ ಮಗನೂ ನಿಜ ಹೇಳುವುದಿಲ್ಲ. ‘ಮದುವೆ ವಿಷಯ ಸದ್ಯಕ್ಕೆ ನಿಲ್ಲಿಸಿದ್ದೇವೆ, ಕಾರಣ ಹೇಳಲೇಬೇಕೆಂದಿಲ್ಲ, ಹೇಳಬೇಕೆನಿಸಿದರೆ ನಾನಿದ್ದೇನೆ’ ಎಂದು ಫೋನ್ ಮಾಡಿ. ಆಮೇಲೆ ನಿಜವಾಗಿಯೂ ನಿಲ್ಲಿಸಿ. ಮರುವಾರ ವಾಟ್ಸ್ಆ್ಯಪ್‌ನಲ್ಲಿ ಹುಡುಗಿಯ ಫೋಟೊ ಕಳಿಸಿದರೆ ಹೇಳಿದ್ದೆಲ್ಲ ನೀರಲ್ಲಿ ಹೋಮ.

‘ಹೇಗಾದರೂ ಮದುವೆ ಮುಗಿಸುತ್ತೇವೆ’ ಎಂಬ ಮಾತು ನನಗೆ ಹೆದರಿಕೆ ಹುಟ್ಟಿಸಿತು. ಹೀಗೆ ಮುಗಿಸಿದ ಮದುವೆಗಳ ಹೆಂಡತಿಯರು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಗಂಡ ಹತ್ತಿರ ಬರದಿದ್ದಾಗ ಕುಂದು ತನ್ನಲ್ಲೇ ಇರಬೇಕೆಂದು ವರ್ಷಗಟ್ಟಲೆ ಸೊರಗಿದವರು. ಅವರೂ ಯಾರದೋ ಮನೆಯ ಮಗಳು.

ಮಕ್ಕಳಲ್ಲಿ ಯಾರಾದರೂ ಮುಂದೆ ‘ಅಮ್ಮಾ, ನಾನು ಗೇ’ ಎಂದರೆ ಅದನ್ನು ಯಾರಿಗೆ ಹೇಳಬೇಕು ಎಂಬುದನ್ನು ಅವನೇ ತೀರ್ಮಾನಿಸಲಿ. ನಾದಿನಿಗಂತೂ ಬೇಡ. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿದೆ. ಇಬ್ಬರು ಗಂಡಸರ ಮದುವೆಗೆ ಮಾತ್ರ 2023ರ ತೀರ್ಪಿನಲ್ಲಿ ಮಾನ್ಯತೆ ಸಿಗಲಿಲ್ಲ. ನಿಮ್ಮ ಸಂಕಟ ಹೇಳಿಕೊಳ್ಳಲು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಇಂಜೆಕ್ಷನ್? ಖಂಡಿತ ಬೇಡ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಹಾರ್ಮೋನಿನಿಂದ ಒಲವು ಬದಲಾಗುವುದಿಲ್ಲ. ಆರೋಗ್ಯವಾಗಿರುವ ಹುಡುಗನಿಗೆ ಹೊರಗಿನಿಂದ ಟೆಸ್ಟೋಸ್ಟಿರಾನ್ ಕೊಟ್ಟರೆ ವೃಷಣಗಳು ತಮ್ಮ ಕೆಲಸ ನಿಧಾನಿಸಿ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಮೊಮ್ಮಕ್ಕಳ ಆಸೆಯಿರುವ ಯಜಮಾನರಿಗೆ ಇದನ್ನು ಓದಿ ಹೇಳಿ. ಮದ್ರಾಸ್ ಹೈಕೋರ್ಟಿನ ಆದೇಶದ ನಂತರ, ಲೈಂಗಿಕ ಒಲವನ್ನು ‘ಬದಲಿಸುವ’ ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಯಜಮಾನರು ಇನ್ನೂ ಹಟ ಹಿಡಿದರೆ ನೀವೂ ಜೊತೆಗೆ ಹೋಗಿ, ಯಾವ ಕಾಯಿಲೆಗೆ ಈ ಇಂಜೆಕ್ಷನ್ ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿಕೊಡಲು ಆ ಡಾಕ್ಟರನ್ನು ಕೇಳಿ.